ಸ್ವಂತ ನಾಡನ್ನೇ ಓದಿ ಡಾಕ್ಟರೇಟ್ ಪಡೆದ ಎಂ. ಎನ್. ಶ್ರೀನಿವಾಸ್

ಶಿರ್ತಾಡಿ, ಮೂಡುಬಿದಿರೆ, ವೇಣೂರು, ಬೆಳ್ತಂಗಡಿ ಕಡೆಯ ಜೈನ ಮನೆಗಳಲ್ಲಿ ವೈದ್ಯರು, ಎಂಜಿನಿಯರುಗಳು, ಲೆಕ್ಕಪರಿಶೋಧಕರು ಆದ ಮಕ್ಕಳಿಗೆ ಈಗ ಕೊರತೆಯಿಲ್ಲ. ವಿಜ್ಞಾನದಲ್ಲಿ, ವಾಣಿಜ್ಯದಲ್ಲಿ ಪಿಎಚ್.ಡಿ. ಮಾಡಿದವರೂ ಇದ್ದಾರೆ. ಆದರೆ ಮಗನೋ ಮಗಳೋ ಮಾನವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತೇನೆ ಎಂದರೆ ಚಾವಡಿಯಲ್ಲಿ ಕುಳಿತ ಹಿರಿಯರು ಕೇಳುವುದು ಎರಡೇ ಪ್ರಶ್ನೆ. ಅದು ಎಂಥ ಓದು? ಅಷ್ಟು ವರ್ಷ ಓದಿದ ಮೇಲೆ ಅದರಿಂದ ಸಿಗುವುದೇನು?

ಈ ಎರಡು ಪ್ರಶ್ನೆಗಳಿಗೂ ಉತ್ತರ ಕೊಡುವ ಒಂದು ಬದುಕು ಕನ್ನಡ ನಾಡಿನಲ್ಲೇ ಆಗಿಹೋಗಿದೆ. ಅದು ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ ಅವರದು. ಪ್ರಪಂಚಕ್ಕೆ ಅವರು ಎಂ. ಎನ್. ಶ್ರೀನಿವಾಸ್ ಎಂದೇ ಪರಿಚಿತರು. ಅವರು ಜೈನರಲ್ಲ, ತುಳುನಾಡಿನವರೂ ಅಲ್ಲ. ಆದರೆ ಮನೆ, ಮನೆತನ, ಮದುವೆ, ಸೂತಕ, ದೈವ, ಬೇಸಾಯ ಇವೇ ಅವರ ಓದಿನ ವಿಷಯ. ಇವೆಲ್ಲ ಶಿರ್ತಾಡಿಯ ಪ್ರತಿಯೊಂದು ಹಳೆಯ ಮನೆಯಲ್ಲೂ ಇರುವಂಥವು. ಅದಕ್ಕಾಗಿ ಅವರ ಬದುಕನ್ನು ಇಲ್ಲಿಯ ವಿದ್ಯಾರ್ಥಿಗಳೂ ಪೋಷಕರೂ ತಿಳಿದಿರುವುದು ಒಳ್ಳೆಯದು.

ಕಾಲೇಜು ರಸ್ತೆಯ ಹುಡುಗ

ಶ್ರೀನಿವಾಸ್ ಹುಟ್ಟಿದ್ದು 1916ರ ನವೆಂಬರ್ 16ರಂದು, ಮೈಸೂರಿನಲ್ಲಿ. ಅಯ್ಯಂಗಾರ್ ಮನೆತನ. ಪೂರ್ವಿಕರ ಊರು ಶ್ರೀರಂಗಪಟ್ಟಣದ ಬಳಿಯ ಅರಕೆರೆ. ಅಲ್ಲಿ ಹೊಲಗದ್ದೆಗಳಿದ್ದವು. ಮಕ್ಕಳ ವಿದ್ಯಾಭ್ಯಾಸ ಮುಖ್ಯ ಎಂದು ತಂದೆ ಹಳ್ಳಿ ಬಿಟ್ಟು ಮೈಸೂರಿಗೆ ಬಂದು ನೆಲೆಸಿದವರು. ಮನೆ ಇದ್ದದ್ದು ಕಾಲೇಜು ರಸ್ತೆಯಲ್ಲಿ.

ಆ ರಸ್ತೆಯ ಹಿಂಬದಿಗೆ ಬಂಡಿಕೇರಿ ಎಂಬ ಕೇರಿ ಇತ್ತು. ಅಲ್ಲಿ ಕುರಿ ಸಾಕುವವರು, ಉಣ್ಣೆಯ ಕೆಲಸದವರು ವಾಸವಾಗಿದ್ದರು. ಹುಡುಗನಾಗಿದ್ದ ಶ್ರೀನಿವಾಸ್ ಒಮ್ಮೆ ಆ ಕೇರಿಗೆ ಕಾಲಿಟ್ಟಾಗ ಬೇರೆಯೇ ದೇಶಕ್ಕೆ ಬಂದಂತಾಯಿತು. ಅಲ್ಲಿಯ ವಾಸನೆ, ಮಾತು, ಊಟ, ಜಗಳ, ದೇವರು ಎಲ್ಲವೂ ಬೇರೆ. ಮನೆಯಿಂದ ಕೆಲವೇ ಹೆಜ್ಜೆ ದೂರದಲ್ಲಿ ಇಷ್ಟು ಬೇರೆಯಾದ ಬದುಕು ಇರಬಹುದು ಎಂಬ ಆಶ್ಚರ್ಯ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಮಾನವಶಾಸ್ತ್ರ ಎಂಬ ಹೆಸರು ಕೇಳುವ ಮೊದಲೇ ಅದರ ಮೊದಲ ಪಾಠ ಅವರಿಗೆ ಬಂಡಿಕೇರಿಯಲ್ಲಿ ಆಗಿತ್ತು ಎನ್ನಬಹುದು.

ಕಾಲೇಜಿಗೆ ಸೇರುವ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಓದು ನಿಲ್ಲಲಿಲ್ಲ, ಅಣ್ಣನ ಆಸರೆ ಇತ್ತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಸಾಮಾಜಿಕ ತತ್ತ್ವಶಾಸ್ತ್ರದ ಆನರ್ಸ್ ಪದವಿಯನ್ನು 1936ರಲ್ಲಿ ಮುಗಿಸಿದರು. ಪದವಿ ಮುಗಿದೊಡನೆ ನೌಕರಿ ಹಿಡಿಯುವುದು ಆಗಿನ ಮಧ್ಯಮ ವರ್ಗದ ಮನೆಗಳ ರೂಢಿ. ಶ್ರೀನಿವಾಸ್ ಮುಂದೆ ಓದಲು ಮುಂಬಯಿಗೆ ಹೊರಟರು.

ಮುಂಬಯಿಯಲ್ಲಿ ಘುರ್ಯೆಯವರ ಬಳಿ

ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಆರಂಭವಾದದ್ದು 1919ರಲ್ಲಿ. ಶ್ರೀನಿವಾಸ್ ಹೋದಾಗ ಅದರ ಮುಖ್ಯಸ್ಥರಾಗಿದ್ದವರು ಜಿ. ಎಸ್. ಘುರ್ಯೆ. ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದು ಬಂದಿದ್ದ ಅವರು ಜಾತಿ, ಬುಡಕಟ್ಟು, ಮದುವೆ, ಬಾಂಧವ್ಯಗಳನ್ನು ಅಧ್ಯಯನ ಮಾಡಲು ವಿದ್ಯಾರ್ಥಿಗಳನ್ನು ಊರೂರಿಗೆ ಕಳಿಸುತ್ತಿದ್ದರು. ಮರಾಠಿಯ ಪ್ರಸಿದ್ಧ ಲೇಖಕಿ ಇರಾವತಿ ಕರ್ವೆ ಅವರೂ ಘುರ್ಯೆಯವರ ವಿದ್ಯಾರ್ಥಿನಿ. ಅವರು ಮುಂದೆ ಬರ್ಲಿನ್‌ಗೆ ಹೋಗಿ ಮಾನವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು.

ಶ್ರೀನಿವಾಸ್ ಮೊದಲು ಎಂ.ಎ. ಪದವಿಗೆ ಪ್ರಬಂಧ ಬರೆದರು. ವಿಷಯ ಮೈಸೂರು ಸೀಮೆಯ ಕನ್ನಡ ಜಾತಿಗಳಲ್ಲಿ ಮದುವೆ ಮತ್ತು ಕುಟುಂಬ. ಅದು 1942ರಲ್ಲಿ ಪುಸ್ತಕವಾಗಿ ಬಂತು. ಕಾನೂನು ಪದವಿಯನ್ನೂ ಜೊತೆಗೆ ಮುಗಿಸಿದ್ದರು. ವಕೀಲಿ ಕೈಗೊಂಡಿದ್ದರೆ ಜೀವನ ಬೇಗ ದಡ ಸೇರುತ್ತಿತ್ತು. ಅವರು ಪಿಎಚ್.ಡಿ.ಗೆ ನಿಂತರು.

ಕೊಡಗಿನ ಐನ್‌ಮನೆಗಳಲ್ಲಿ

ಪಿಎಚ್.ಡಿ.ಗೆ ಕೊಡವರನ್ನು ಅಧ್ಯಯನ ಮಾಡುವಂತೆ ಸೂಚಿಸಿದವರು ಘುರ್ಯೆ. ಕೊಡಗು ಮೈಸೂರಿಗೆ ಹತ್ತಿರ. ಆದರೆ ಮೈಸೂರಿನ ಅಯ್ಯಂಗಾರ್ ಯುವಕನಿಗೆ ಅಲ್ಲಿಯ ಬದುಕು ಪೂರ್ತಿ ಹೊಸದು. ಅಲ್ಲಿಯವರು ಕೋವಿ ಹಿಡಿದು ಬೇಟೆಯಾಡುವವರು, ಮಾಂಸಾಹಾರಿಗಳು, ಪುರೋಹಿತರಿಲ್ಲದೆ ಮದುವೆ ನಡೆಸುವವರು. ತನ್ನ ಮನೆಯ ಆಚಾರಕ್ಕೆ ತೀರ ಬೇರೆಯಾದುದನ್ನು ಹೀನವೆಂದು ನೋಡದೆ ಅದರ ಒಳಗಿನ ಅರ್ಥವನ್ನು ತಿಳಿಯುವುದೇ ಈ ಶಾಸ್ತ್ರದ ಮೊದಲ ನಿಯಮ. ಅದನ್ನು ಪಾಲಿಸುವುದು ಹೇಳಿದಷ್ಟು ಸುಲಭವಲ್ಲ.

ಕೊಡವರ ಬದುಕಿನ ಬುಡ ಒಕ್ಕ. ಒಬ್ಬ ಮೂಲಪುರುಷನಿಂದ ಗಂಡುಮಕ್ಕಳ ಮೂಲಕ ಬೆಳೆದ ಕುಟುಂಬವೇ ಒಕ್ಕ. ಅದರ ಹಿರಿಯ ಮನೆ ಐನ್‌ಮನೆ. ಅಲ್ಲಿ ಪೂರ್ವಿಕರಾದ ಕಾರಣವರಿಗೆ ದೀಪ, ಎಡೆ ಇಡುತ್ತಾರೆ. ಒಂದೇ ಒಕ್ಕದವರಲ್ಲಿ ಮದುವೆಯಿಲ್ಲ. ತುಳುನಾಡಿನವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಇಲ್ಲಿ ಗುತ್ತಿನ ಮನೆ ಇದೆ, ಬಳಿ ಇದೆ, ಒಂದೇ ಬಳಿಯಲ್ಲಿ ಮದುವೆಯಿಲ್ಲ ಎಂಬ ಕಟ್ಟು ಇದೆ. ವ್ಯತ್ಯಾಸವೆಂದರೆ ಕೊಡಗಿನಲ್ಲಿ ಮನೆತನ ಮಗನ ಕಡೆ ಸಾಗಿದರೆ, ತುಳುನಾಡಿನ ಜೈನರಲ್ಲೂ ಬಂಟರಲ್ಲೂ ಅಳಿಯಸಂತಾನದ ಪ್ರಕಾರ ಅದು ಸೋದರಿಯ ಮಕ್ಕಳ ಕಡೆ ಸಾಗುತ್ತಿತ್ತು.

ಕೊಡಗು ಜೈನರಿಗೂ ಹೊರಗಿನ ನಾಡಲ್ಲ. ಹನ್ನೊಂದನೇ ಶತಮಾನದಲ್ಲಿ ಅಲ್ಲಿ ಆಳಿದ ಕೊಂಗಾಳ್ವರು ಜಿನಭಕ್ತರು. ಸೋಮವಾರಪೇಟೆ ಕಡೆಯ ಮುಳ್ಳೂರಿನ ಬಸದಿಗಳು ಇಂದಿಗೂ ಅದಕ್ಕೆ ಸಾಕ್ಷಿ. ಸುಳ್ಯ, ಪುತ್ತೂರಿನ ಭಾಗಗಳು 1834ರ ಮೊದಲು ಕೊಡಗಿನ ಅರಸರ ಕೈಯಲ್ಲಿದ್ದವು.

ಶ್ರೀನಿವಾಸ್ ಕೊಡಗಿನಲ್ಲಿ ಹಬ್ಬಗಳನ್ನು, ಮದುವೆಗಳನ್ನು, ಸಾವಿನ ವಿಧಿಗಳನ್ನು ವಿಚಾರಿಸಿ ಬರೆದುಕೊಂಡರು. ಹೊಸ ಭತ್ತದ ಹಬ್ಬ ಪುತ್ತರಿ, ಆಯುಧಗಳ ಹಬ್ಬ ಕೈಲ್‌ಪೊಳ್ದ್, ತಲಕಾವೇರಿಯ ತೀರ್ಥೋದ್ಭವ ಎಲ್ಲವೂ ಅವರ ಟಿಪ್ಪಣಿಯಲ್ಲಿ ಸೇರಿದವು. ಕೊಡವರ ಬದುಕಿನ ದೊಡ್ಡ ಘಟ್ಟಗಳಲ್ಲಿ ಮಂಗಲ ಎಂಬ ಒಂದೇ ಮಾದರಿಯ ವಿಧಿ ನಡೆಯುತ್ತದೆ. ಮದುವೆಗೆ ಮಾತ್ರವಲ್ಲ, ಹಿಂದೆ ಹುಲಿ ಕೊಂದ ವೀರನಿಗೂ ಮಂಗಲ ಮಾಡುತ್ತಿದ್ದರು. ಆ ಸಮಯದಲ್ಲಿ ಅವರ ಆರೋಗ್ಯ ಚೆನ್ನಾಗಿರಲಿಲ್ಲ. ಮಳೆ ನಾಡಿನ ಓಡಾಟ ದೇಹಕ್ಕೆ ಒಗ್ಗಲಿಲ್ಲ. ಆದರೂ ಕೆಲಸ ಬಿಡಲಿಲ್ಲ.

ಕೊನೆಗೆ ಸಿದ್ಧವಾದ ಮಹಾಪ್ರಬಂಧ ಎರಡು ಸಂಪುಟಗಳದ್ದು, ಸುಮಾರು 900 ಪುಟಗಳದ್ದು. ಅದಕ್ಕೆ ಮುಂಬಯಿ ವಿಶ್ವವಿದ್ಯಾಲಯ 1944ರಲ್ಲಿ ಪಿಎಚ್.ಡಿ. ನೀಡಿತು. ಪದವಿಯ ಬೆನ್ನಿಗೇ ಒಳ್ಳೆಯ ನೌಕರಿ ಬರುತ್ತದೆ ಎಂಬ ನಿರೀಕ್ಷೆ ಮಾತ್ರ ಕೈಗೂಡಲಿಲ್ಲ. ವಯಸ್ಸು 28. ಈಗಿನ ಸಂಶೋಧನಾ ವಿದ್ಯಾರ್ಥಿಗಳಿಗೆ ಈ ಪರಿಸ್ಥಿತಿ ಹೊಸದೇನೂ ಅಲ್ಲ.

ಅದೇ ವಿಷಯಕ್ಕೆ ಎರಡನೇ ಡಾಕ್ಟರೇಟ್

1945ರಲ್ಲಿ ಶ್ರೀನಿವಾಸ್ ಇಂಗ್ಲೆಂಡಿಗೆ ಹೋಗಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಸಾಮಾಜಿಕ ಮಾನವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ರ್‍ಯಾಡ್‌ಕ್ಲಿಫ್ ಬ್ರೌನ್. ಕೊಡಗಿನಿಂದ ತಂದ ಮಾಹಿತಿಯನ್ನೇ ಹೊಸ ದೃಷ್ಟಿಯಿಂದ ಮತ್ತೆ ನೋಡಬೇಕೆಂಬುದು ಅವರ ಸಲಹೆ. ಒಮ್ಮೆ ಡಾಕ್ಟರೇಟ್ ಪಡೆದ ವಿಷಯದ ಮೇಲೆಯೇ ಮತ್ತೆ ಮೊದಲಿನಿಂದ ಕೂರುವುದು ಯಾರಿಗಾದರೂ ಕಷ್ಟ. ಕಟ್ಟಿದ ಮನೆಯನ್ನು ಬಿಚ್ಚಿ ಅದೇ ಕಲ್ಲಿನಿಂದ ಬೇರೆ ಮನೆ ಕಟ್ಟಿದ ಹಾಗೆ. ಶ್ರೀನಿವಾಸ್ ಒಪ್ಪಿದರು.

ಎರಡು ಪ್ರಬಂಧಗಳ ನಡುವಿನ ವ್ಯತ್ಯಾಸ ತಿಳಿದರೆ ಸಂಶೋಧನೆ ಎಂದರೇನು ಎಂಬುದೂ ತಿಳಿಯುತ್ತದೆ. ಮುಂಬಯಿಯ ಪ್ರಬಂಧ ಸಿಕ್ಕಿದ ಮಾಹಿತಿಯನ್ನೆಲ್ಲ ಕೂಡಿಟ್ಟ ದೊಡ್ಡ ಉಗ್ರಾಣ. ಆಕ್ಸ್‌ಫರ್ಡ್ ಪ್ರಬಂಧ ಕೇಳಿದ ಪ್ರಶ್ನೆ ಬೇರೆ. ಈ ಹಬ್ಬ, ಈ ಮಡಿ ಮೈಲಿಗೆ, ಈ ಪೂರ್ವಿಕರ ಪೂಜೆ ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ? ಒಕ್ಕವನ್ನು, ಊರನ್ನು, ನಾಡನ್ನು ಇವು ಹೇಗೆ ಕಟ್ಟಿ ಹಿಡಿದಿವೆ? ಹೀಗೆ ಕೇಳಿದಾಗ ಬಿಡಿಬಿಡಿಯಾಗಿ ಬಿದ್ದಿದ್ದ ಆಚರಣೆಗಳು ಒಂದು ಜೀವಂತ ಸಮಾಜವಾಗಿ ಕಂಡವು.

ರ್‍ಯಾಡ್‌ಕ್ಲಿಫ್ ಬ್ರೌನ್ 1946ರಲ್ಲಿ ನಿವೃತ್ತರಾದರು. ಬಳಿಕ ಇವಾನ್ಸ್ ಪ್ರಿಚರ್ಡ್ ಮಾರ್ಗದರ್ಶಕರಾದರು. 1947ರಲ್ಲಿ ಆಕ್ಸ್‌ಫರ್ಡ್ ಡಿ.ಫಿಲ್. ಪದವಿ ನೀಡಿತು. ದಕ್ಷಿಣ ಭಾರತದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಈ ಪ್ರಬಂಧ 1952ರಲ್ಲಿ ಪುಸ್ತಕವಾಯಿತು. ಭಾರತದ ಸಮಾಜವನ್ನು ಓದುವವರು ಇಂದಿಗೂ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಸಂಸ್ಕೃತೀಕರಣ ಮತ್ತು ವರ್ತಕರ ಮಾದರಿ

ಆ ಪುಸ್ತಕದಿಂದಲೇ ಸಂಸ್ಕೃತೀಕರಣ ಎಂಬ ಮಾತು ಚಲಾವಣೆಗೆ ಬಂತು. ಜಾತಿಯ ಮೆಟ್ಟಿಲಲ್ಲಿ ಕೆಳಗೆ ಎಣಿಸಲ್ಪಟ್ಟ ಗುಂಪು ಮಾಂಸ, ಮದ್ಯ ಬಿಟ್ಟು, ಮೇಲಿನವರ ಆಚಾರ ಮತ್ತು ದೇವರುಗಳನ್ನು ಸ್ವೀಕರಿಸಿ, ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನ ಕೇಳುವುದಕ್ಕೆ ಅವರು ಕೊಟ್ಟ ಹೆಸರು ಇದು. ಜಾತಿ ಕಲ್ಲಿನಂತೆ ಅಲುಗದು ಎಂದು ಪುಸ್ತಕಗಳು ಹೇಳುತ್ತಿದ್ದ ಕಾಲದಲ್ಲಿ, ಅದು ನಿಧಾನವಾಗಿ ಚಲಿಸುತ್ತಲೇ ಇದೆ ಎಂದು ಊರಿನಲ್ಲಿ ಕಂಡದ್ದನ್ನು ಇಟ್ಟುಕೊಂಡು ತೋರಿಸಿದರು.

ಮುಂದೆ ಟೀಕೆಗಳು ಬಂದಾಗ ಅವರು ತಮ್ಮ ಮಾತನ್ನು ತಿದ್ದಿಕೊಂಡರು. ಅನುಸರಿಸುವ ಮಾದರಿ ಬ್ರಾಹ್ಮಣರದೇ ಆಗಬೇಕಿಲ್ಲ, ಕೆಲವು ಕಡೆ ಕ್ಷತ್ರಿಯರದು, ಗುಜರಾತಿನಂಥ ಪ್ರದೇಶದಲ್ಲಿ ವರ್ತಕರದು ಎಂದು ಒಪ್ಪಿಕೊಂಡರು. ಗುಜರಾತಿನ ವರ್ತಕರಲ್ಲಿ ಜೈನರ ಪಾಲು ಎಷ್ಟೆಂದು ಹೇಳಬೇಕಾಗಿಲ್ಲ. ಅಹಿಂಸೆ ಮತ್ತು ಸಸ್ಯಾಹಾರಕ್ಕೆ ಭಾರತದಲ್ಲಿ ಬಂದಿರುವ ಗೌರವದ ಹಿಂದೆ ಜೈನ ಸಮಾಜ ಶತಮಾನಗಳಿಂದ ನಡೆದುಕೊಂಡ ರೀತಿಯೂ ಇದೆ. ಸಂಸ್ಕೃತೀಕರಣ ಎಂಬ ಒಂದೇ ಹೆಸರು ಆ ಇತಿಹಾಸಕ್ಕೆ ಪೂರ್ತಿ ನ್ಯಾಯ ಮಾಡುತ್ತದೆಯೇ ಎಂಬುದು ಜೈನ ವಿದ್ಯಾರ್ಥಿಯೊಬ್ಬರು ಕೈಗೆತ್ತಿಕೊಳ್ಳಬಹುದಾದ ಪ್ರಶ್ನೆ.

ಎತ್ತಿನ ಮನೆಯಲ್ಲಿ ವಾಸ

ಡಿ.ಫಿಲ್. ನಂತರ ಆಕ್ಸ್‌ಫರ್ಡಿನಲ್ಲೇ ಭಾರತೀಯ ಸಮಾಜಶಾಸ್ತ್ರದ ಅಧ್ಯಾಪಕ ಹುದ್ದೆ ದೊರೆಯಿತು. ಅಲ್ಲಿ ಪಾಠ ಮಾಡುವ ಮೊದಲು ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಲು ಅವಕಾಶವೂ ದೊರೆಯಿತು. 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದಕ್ಕೆ ಹೋದರು. ಊರವರ ಮಾನ ಕಾಯಲು ಅದರ ನಿಜವಾದ ಹೆಸರನ್ನು ಮರೆಮಾಡಿ ರಾಂಪುರ ಎಂದು ಕರೆದರು.

ಊರಿನ ಗೌಡರು ಇಳಿದುಕೊಳ್ಳಲು ಕೊಟ್ಟದ್ದು ತಮ್ಮ ಎತ್ತುಗಳನ್ನು ಕಟ್ಟುವ ಮನೆಯ ಒಂದು ಭಾಗ. ಆಕ್ಸ್‌ಫರ್ಡ್ ಅಧ್ಯಾಪಕ ಎತ್ತುಗಳ ಪಕ್ಕದಲ್ಲಿ ತಿಂಗಳುಗಟ್ಟಲೆ ಇದ್ದು ಬಿತ್ತನೆ, ಕೊಯ್ಲು, ಸಾಲ, ವ್ಯಾಜ್ಯ, ಪಂಚಾಯಿತಿಗಳನ್ನು ಬರೆದುಕೊಂಡರು. ಬ್ರಾಹ್ಮಣನಾಗಿ ಹುಟ್ಟಿದವನು ಆಚಾರ ಬಿಟ್ಟರೆ ಊರವರೇ ಎಚ್ಚರಿಸುತ್ತಿದ್ದರು. ಮೇಲಿನವರ ಮನೆಯ ಅತಿಥಿಯಾದ್ದರಿಂದ ದಲಿತರ ಕೇರಿಯಲ್ಲಿ ಮನಸ್ಸು ಬಂದಂತೆ ಓಡಾಡುವುದು ಆಗಲಿಲ್ಲ. ತಾವು ಕಂಡದ್ದು ಹೆಚ್ಚಾಗಿ ಮೇಲ್ಜಾತಿಯವರ ಜಗಲಿಯಿಂದ ಕಂಡ ಹಳ್ಳಿ ಎಂಬ ಈ ಕೊರತೆಯನ್ನು ಅವರು ಮುಚ್ಚಿಡದೆ ಬರೆದರು. ಸ್ವಂತ ನಾಡನ್ನು ಓದುವವನು ಒಳಗಿನವನಾದರೂ ಊರಿನ ಎಲ್ಲ ಬಾಗಿಲುಗಳೂ ಅವನಿಗೆ ತೆರೆಯುವುದಿಲ್ಲ.

ರಾಂಪುರದಿಂದ ಬಂದ ಇನ್ನೊಂದು ಮಾತು ಪ್ರಬಲ ಜಾತಿ. ಆಚಾರದಲ್ಲಿ ಮೇಲಿನವರೆಂದ ಮಾತ್ರಕ್ಕೆ ಊರಿನಲ್ಲಿ ಅವರ ಮಾತು ನಡೆಯುವುದಿಲ್ಲ. ಜನಬಲ, ಭೂಮಿ, ಅಧಿಕಾರ ಯಾರಲ್ಲಿದೆಯೋ ಅವರದೇ ಯಜಮಾನಿಕೆ. ರಾಂಪುರದಲ್ಲಿ ಅದು ಒಕ್ಕಲಿಗರದ್ದಾಗಿತ್ತು. ಚುನಾವಣೆಯ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಇರುವ ವೋಟ್ ಬ್ಯಾಂಕ್ ಎಂಬ ಮಾತೂ 1955ರ ಅವರ ಬರಹದಿಂದ ಹೊರಟದ್ದೇ.

ಮೂರು ಪ್ರತಿ, ಒಂದು ಬೆಂಕಿ

ಶ್ರೀನಿವಾಸ್ 1951ರಲ್ಲಿ ಆಕ್ಸ್‌ಫರ್ಡ್ ಬಿಟ್ಟು ಭಾರತಕ್ಕೆ ಮರಳಿದರು. ಬರೋಡದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲೂ, 1959ರಿಂದ ದೆಹಲಿ ವಿಶ್ವವಿದ್ಯಾಲಯದಲ್ಲೂ ಸಮಾಜಶಾಸ್ತ್ರ ವಿಭಾಗಗಳನ್ನು ಕಟ್ಟಿ ಬೆಳೆಸಿದರು. ವಿಭಾಗದ ಆಡಳಿತ, ಪಾಠ, ವಿದ್ಯಾರ್ಥಿಗಳ ನಡುವೆ ರಾಂಪುರದ ದೊಡ್ಡ ಪುಸ್ತಕ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು.

ಅದನ್ನು ಬರೆಯಲೆಂದೇ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಸಂಶೋಧನಾ ಕೇಂದ್ರಕ್ಕೆ ಹೋದರು. ವಿಯೆಟ್ನಾಂ ಯುದ್ಧದ ವಿರುದ್ಧ ಅಲ್ಲಿ ವಿದ್ಯಾರ್ಥಿಗಳ ಚಳವಳಿ ಕಾವೇರಿದ್ದ ಕಾಲ. ಏಪ್ರಿಲ್ 24ರಂದು ಆ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದರು. ಸುಮಾರು 18 ವರ್ಷ ಒಪ್ಪಮಾಡಿ ವಿಂಗಡಿಸಿ ಇಟ್ಟಿದ್ದ ರಾಂಪುರದ ಟಿಪ್ಪಣಿಗಳ ಮೂರೂ ಪ್ರತಿಗಳು ಅವರ ಕೋಣೆಯಲ್ಲೇ ಇದ್ದವು. ಮೂರೂ ಸುಟ್ಟವು. ಜೀವಮಾನದ ಲೆಕ್ಕದ ಪುಸ್ತಕಗಳೆಲ್ಲ ಒಂದೇ ರಾತ್ರಿ ಉರಿದುಹೋದ ವ್ಯಾಪಾರಿಯ ಸ್ಥಿತಿ ಅವರದಾಯಿತು. ಮೊದಲ ಕಚ್ಚಾ ಟಿಪ್ಪಣಿಗಳು ಮಾತ್ರ ದೆಹಲಿಯಲ್ಲಿ ಉಳಿದಿದ್ದವು. ಅವುಗಳಿಂದ ಮತ್ತೆ ಅಷ್ಟು ವರ್ಷದ ಕೆಲಸ ಮಾಡುವಷ್ಟು ಸಮಯ ಇರಲಿಲ್ಲ.

ಆಗ ಅಮೆರಿಕದ ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್, ಟಿಪ್ಪಣಿ ಹೋದರೇನು, ನೆನಪಿನಿಂದಲೇ ಬರೆಯಿರಿ ಎಂಬ ಸಲಹೆ ಕೊಟ್ಟರು. ಶ್ರೀನಿವಾಸ್ ಹಾಗೆಯೇ ಮಾಡಿದರು. ಗೌಡರು, ಎತ್ತಿನ ಮನೆ, ಗದ್ದೆ, ಜಗಳ, ಸ್ನೇಹ ಎಲ್ಲವೂ ನೆನಪಿನಿಂದ ಎದ್ದು ಬಂದವು. ನೆನಪಿನಲ್ಲಿ ಉಳಿದ ಹಳ್ಳಿಯ ಆ ಇಂಗ್ಲಿಷ್ ಪುಸ್ತಕ 1976ರಲ್ಲಿ ಪ್ರಕಟವಾಯಿತು. ಅಂಕಿ ಅಂಶ, ಕೋಷ್ಟಕ ಕಡಿಮೆಯಾಗಿ ಮನುಷ್ಯರು ಹೆಚ್ಚಾದ್ದರಿಂದ ಶಾಸ್ತ್ರ ಓದದವರೂ ಅದನ್ನು ಓದಿದರು. ಜನರ ಜೊತೆ ನಿಜವಾಗಿ ಬಾಳಿದ್ದರಿಂದಲೇ ಕಾಗದ ಸುಟ್ಟ ಮೇಲೂ ಬರೆಯಲು ಅವರಲ್ಲಿ ಇಷ್ಟು ಉಳಿದಿತ್ತು.

1972ರಲ್ಲಿ ಬೆಂಗಳೂರಿಗೆ ಬಂದು, ವಿ. ಕೆ. ಆರ್. ವಿ. ರಾವ್ ಕಟ್ಟುತ್ತಿದ್ದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಗೆ ಹೆಗಲು ಕೊಟ್ಟರು. 1977ರಲ್ಲಿ ಪದ್ಮಭೂಷಣ ಬಂತು. 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರ ವಯಸ್ಸು 83.

ಶಿರ್ತಾಡಿಯ ಚಾವಡಿಗೆ ಉತ್ತರ

ಚಾವಡಿಯ ಹಿರಿಯರ ಮೊದಲ ಪ್ರಶ್ನೆ, ಅದು ಎಂಥ ಓದು ಎಂಬುದು. ಶ್ರೀನಿವಾಸರ ಬದುಕು ಹೇಳುವಂತೆ ಅದು ಮನುಷ್ಯರ ನಡುವೆ ಇದ್ದು, ಅವರು ಮಾಡುವುದನ್ನು ನೋಡಿ, ಅದು ಹಾಗೇಕೆ ಎಂದು ತಿಳಿಯುವ ಓದು. ಅದಕ್ಕೆ ಕಾಡಿಗೋ ದೂರದ ದ್ವೀಪಕ್ಕೋ ಹೋಗಬೇಕಿಲ್ಲ. ಒಂದೇ ಜೈನ ಮನೆಯವರು ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕಕ್ಕೆ ನಿಲ್ಲುತ್ತಾರೆ, ರಾತ್ರಿ ದೈವದ ನೇಮದಲ್ಲಿ ಗಡಿಪ್ರಧಾನರಾಗಿ ನಿಲ್ಲುತ್ತಾರೆ. ಧರ್ಮಸ್ಥಳದಲ್ಲಿ ಹೆಗ್ಗಡೆಯವರು ಜೈನರು, ಸ್ವಾಮಿ ಮಂಜುನಾಥ, ಪೂಜೆ ಮಾಡುವವರು ವೈಷ್ಣವರು. ಇಲ್ಲಿಯವರಿಗೆ ಸಹಜವೆನಿಸುವ ಈ ಸಂಗತಿ ಹೊರಗಿನವರಿಗೆ ದೊಡ್ಡ ಆಶ್ಚರ್ಯ.

ಭೂಮಿಯ ಕಥೆಯೂ ಹಾಗೆಯೇ. ಚೌಟರು, ಬಂಗರು, ಅಜಿಲರು ಆಳಿದ ಈ ಸೀಮೆಯಲ್ಲಿ ಜೈನರ ಸಂಖ್ಯೆ ಕಡಿಮೆಯಿದ್ದರೂ ಗುತ್ತು, ಭೂಮಿ, ಯಜಮಾನಿಕೆ ಇತ್ತು. 1949ರ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, 1974ರ ಭೂಸುಧಾರಣೆ ತಿದ್ದುಪಡಿ ಬಂದ ಬಳಿಕ ಕೂಡು ಕುಟುಂಬಗಳು ಪಾಲಾದವು, ಗೇಣಿಯ ಗದ್ದೆಗಳು ಉಳುವವರಿಗೆ ಸೇರಿದವು. ಭೂಮಿ ಹೋದ ಮನೆಯ ನೋವೂ, ಭೂಮಿ ಸಿಕ್ಕ ಒಕ್ಕಲಿನ ಸಂತೋಷವೂ ಒಂದೇ ಪುಸ್ತಕದಲ್ಲಿ ನ್ಯಾಯವಾಗಿ ಬರಬೇಕು. ಜಗಲಿಯಿಂದ ಮಾತ್ರ ನೋಡಿದ ಕೊರತೆಯನ್ನು ಶ್ರೀನಿವಾಸ್ ತಾವೇ ಒಪ್ಪಿಕೊಂಡಿದ್ದರಿಂದ, ಮುಂದೆ ಬರುವವರು ಅಂಗಳಕ್ಕೂ ಇಳಿದು ನೋಡಬೇಕು. ಜೈನ ಸಮಾಜದ ಇಂಥ ಅಧ್ಯಯನಕ್ಕೆ ಒಂದು ದಾರಿಯನ್ನು ವಿಲಾಸ್ ಸಂಗವೆ ಅವರು 1959ರಲ್ಲಿ ಮುಂಬಯಿಯಿಂದ ಪ್ರಕಟವಾದ ತಮ್ಮ ಜೈನ ಸಮುದಾಯದ ಸಾಮಾಜಿಕ ಸಮೀಕ್ಷೆಯಲ್ಲಿ ಹಾಕಿಕೊಟ್ಟಿದ್ದಾರೆ.

ಇನ್ನು ಎರಡನೇ ಪ್ರಶ್ನೆ, ಅದರಿಂದ ಸಿಗುವುದೇನು ಎಂಬುದು. ಹಣ ಬೇಗ ಸಿಗುವುದಿಲ್ಲ. ಶ್ರೀನಿವಾಸರಿಗೂ ಸಿಗಲಿಲ್ಲ. ಆದರೆ ಅಳಿಯಸಂತಾನದ ಮನೆ ಹೇಗೆ ನಡೆಯುತ್ತಿತ್ತು, ಯಜಮಾನ್ತಿಯ ಮಾತಿಗೆ ಎಷ್ಟು ತೂಕವಿತ್ತು, ಪಾಲಿನ ದಿನ ಏನಾಯಿತು ಎಂಬುದನ್ನು ಕಣ್ಣಾರೆ ಕಂಡವರು ಶಿರ್ತಾಡಿಯ ಸುತ್ತಮುತ್ತ ಈಗ ಎಂಬತ್ತು ತೊಂಬತ್ತರ ವಯಸ್ಸಿನಲ್ಲಿದ್ದಾರೆ. ಪ್ರತಿ ವರ್ಷ ಅವರಲ್ಲಿ ಕೆಲವರು ಕಡಿಮೆಯಾಗುತ್ತಿದ್ದಾರೆ. ಸುಟ್ಟ ಟಿಪ್ಪಣಿಯ ಹಿಂದೆ ಬರೆದವರ ನೆನಪು ಇತ್ತು, ಅದರಿಂದ ಪುಸ್ತಕ ಬಂತು. ಇಲ್ಲಿ ನೆನಪುಗಳಿವೆ, ಟಿಪ್ಪಣಿ ಇನ್ನೂ ಆಗಿಲ್ಲ. ಮನೆಯ ಮಗಳೋ ಮಗನೋ ಆ ಓದಿಗೆ ಹೊರಟರೆ ಮೊದಲ ಪುಟ ಬರೆಯಬೇಕಾದದ್ದು ಅಜ್ಜಿಯ ಪಕ್ಕದಲ್ಲಿ ಕುಳಿತೇ.